ಮಂಜೇಶ್ವರದ ಕವಿಯೂ ಗೊಲ್ಗೊಥಾದ ಶಿಲುಬೆಯೂ

ಹಾಸನದಿಂದ ಬೇಲೂರಿನ ಕಡೆಗೆ ಹೋಗುವಾಗ ದಾರಿ ಬಿಟ್ಟು ತುಸು ಒಳಗೆ ಸಾಗಿದರೆ, ಕೆರೆಯ ದಂಡೆಯಲ್ಲಿ ದೊಡ್ಡಗದ್ದವಳ್ಳಿಯ ಹೊಯ್ಸಳ ದೇಗುಲ ಕಾಣಸಿಗುತ್ತದೆ. 1113ರ ಸುಮಾರಿಗೆ ಕುಲ್ಲಹಣ ರಾಹುತನೆಂಬ ವರ್ತಕನೂ ಆತನ ಪತ್ನಿ ಸಹಜಾದೇವಿಯೂ ಕಟ್ಟಿಸಿದ ಈ ಗುಡಿಯಲ್ಲಿ ಒಂದೇ ನಡುಮಂಟಪದ ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗುಡಿಗಳಿವೆ. ಶಿಲ್ಪಿಯು ಮೊದಲೇ ಒಂದು ಅಳತೆಯನ್ನು ಒಪ್ಪಿಕೊಂಡು, ಆ ಅಳತೆಯೊಳಗೇ ತನ್ನ ಕಲ್ಪನೆಯನ್ನೆಲ್ಲ ಅರಳಿಸಿದ್ದಾನೆ. ಅಳತೆ ಆತನಿಗೆ ಸೆರೆಮನೆಯಾಗಲಿಲ್ಲ, ಆಸರೆಯಾಯಿತು. ನಮ್ಮ ಜಿಲ್ಲೆಯ ಓದುಗರು ಹಲವು ಬಾರಿ ಕಂಡಿರಬಹುದಾದ ಈ ಗುಡಿಯನ್ನು ಇಂದು ನೆನೆಯಲು ಕಾರಣವಿದೆ. ಕಲ್ಲಿಗಿರುವಂತೆ ಕಾವ್ಯಕ್ಕೂ ಅಳತೆಗಳಿವೆ. ಅಂಥ ಅಳತೆಗಳಲ್ಲಿ ಒಂದನ್ನು ಧೈರ್ಯವಾಗಿ ಕಳಚಿ, ಮತ್ತೊಂದನ್ನು ಪ್ರೀತಿಯಿಂದ ಧರಿಸಿ, ಕೊನೆಗೆ ನಮ್ಮ ಪ್ರಭುವಿನ ಶಿಲುಬೆಯ ಬಳಿಗೆ ಕನ್ನಡವನ್ನು ಕರೆದೊಯ್ದ ಕವಿಯೊಬ್ಬರ ಬಾಳನ್ನು ಈ ವಾರ ಓದುಗರ ಮುಂದಿಡುತ್ತಿದ್ದೇವೆ. ಅವರೇ ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಯವರು.

ಹೊಯ್ಸಳರ ಕಾಲದ ಕನ್ನಡ ಕವಿಗಳು ಪಾಲಿಸುತ್ತಿದ್ದ ನಿಯಮಗಳಲ್ಲಿ ಆದಿಪ್ರಾಸ ಮುಖ್ಯವಾದುದು. ಪದ್ಯದ ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರವು ಒಂದೇ ವ್ಯಂಜನವಾಗಿರಬೇಕೆಂಬುದು ಅದರ ಕಟ್ಟಳೆ. ಹೊಯ್ಸಳರ ಆಸ್ಥಾನಕವಿ ಜನ್ನನು 1230ರಲ್ಲಿ ‘ಅನಂತನಾಥ ಪುರಾಣ’ವನ್ನು ಮುಗಿಸಿದಾಗ ಈ ಕಟ್ಟಳೆಯನ್ನು ಪ್ರಶ್ನಿಸುವವರು ಯಾರೂ ಇರಲಿಲ್ಲ. ಹೆಚ್ಚುಕಡಿಮೆ ಅದೇ ದಶಕದಲ್ಲಿ, ಕಡಲಾಚೆಯ ಸಿಸಿಲಿ ದ್ವೀಪದಲ್ಲಿ, ಚಕ್ರವರ್ತಿ ಎರಡನೆಯ ಫ್ರೆಡರಿಕನ ಆಸ್ಥಾನದಲ್ಲಿದ್ದ ಜಾಕೊಮೊ ದ ಲೆಂತೀನಿ ಎಂಬ ಅಧಿಕಾರಿಯು ಹದಿನಾಲ್ಕು ಸಾಲುಗಳ ಒಂದು ಹೊಸ ಪದ್ಯಬಂಧವನ್ನು ರೂಪಿಸಿದನು. ಇಟಲಿಯ ಮಾತಿನಲ್ಲಿ ಅದಕ್ಕೆ ಸಣ್ಣ ನಾದವೆಂಬ ಅರ್ಥದ ಹೆಸರು ಬಂದಿತು. ಅದೇ ಇಂದಿನ ಸಾನೆಟ್. ಕನ್ನಡದಲ್ಲಿ ಅದನ್ನು ಸುನೀತವೆಂದೂ ಅಷ್ಟಷಟ್ಪದಿಯೆಂದೂ ಕರೆಯುತ್ತಾರೆ.

ಈ ಪುಟ್ಟ ಬಂಧವನ್ನು ಲೋಕಪ್ರಸಿದ್ಧಗೊಳಿಸಿದವನು ಫ್ರಾಂಚೆಸ್ಕೊ ಪೆಟ್ರಾರ್ಕ. ಫ್ಲಾರೆನ್ಸಿನಿಂದ ಗಡೀಪಾರಾದ ತಂದೆಯ ಮಗನಾಗಿ 1304ರಲ್ಲಿ ಅರೆತ್ಸೊ ಪಟ್ಟಣದಲ್ಲಿ ಹುಟ್ಟಿದ ಆತನು, ಜಗದ್ಗುರುಗಳ ಪೀಠವು ಆಗ ನೆಲೆಸಿದ್ದ ಅವಿನ್ಯೋನ್ ನಗರದ ಪರಿಸರದಲ್ಲಿ ಬೆಳೆದನು. ತಂದೆಯ ಇಚ್ಛೆಯಂತೆ ಕಾನೂನು ಓದಿದನಾದರೂ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಗುರುದೀಕ್ಷೆಯ ಕೆಳಗಿನ ಹಂತಗಳನ್ನು ಸ್ವೀಕರಿಸಿ ಧರ್ಮಸಭೆಯ ಆಶ್ರಯದಲ್ಲಿಯೇ ಜೀವನ ನಡೆಸಿದನು. 1327ರ ಏಪ್ರಿಲ್ 6ರಂದು ಅವಿನ್ಯೋನಿನ ಸಂತ ಕ್ಲಾರಾಳ ದೇವಾಲಯದಲ್ಲಿ ಲೌರಾ ಎಂಬಾಕೆಯನ್ನು ದೂರದಿಂದ ಕಂಡನು. ಆ ದಿನವನ್ನು ಪ್ರಭುವಿನ ಯಾತನೆಯ ದಿನವೆಂದೇ ತನ್ನ ಕವಿತೆಯಲ್ಲಿ ನೆನೆದಿದ್ದಾನೆ. ಸರಿಯಾಗಿ 21 ವರ್ಷಗಳ ಅನಂತರ, 1348ರ ಅದೇ ಏಪ್ರಿಲ್ 6ರಂದು, ಯೂರೋಪಿನಲ್ಲಿ ಮಹಾಮಾರಿ ಹಬ್ಬಿದ್ದ ಕಾಲದಲ್ಲಿ ಆಕೆ ತೀರಿಕೊಂಡಳು. ಆಕೆಯ ಸುತ್ತ ಆತ ಕಟ್ಟಿದ ಗ್ರಂಥದಲ್ಲಿ 366 ಕವಿತೆಗಳಿವೆ. ಅವುಗಳಲ್ಲಿ 317 ಸಾನೆಟ್ಟುಗಳು. ಮಾನವ ಪ್ರೇಮದಿಂದ ತೊಡಗುವ ಆ ಗ್ರಂಥವು ಕನ್ಯಾಮಾತೆ ಮರಿಯಳಿಗೆ ಅರ್ಪಿಸಿದ ಪ್ರಾರ್ಥನಾಗೀತೆಯಲ್ಲಿ ಮುಗಿಯುತ್ತದೆಂಬುದು ನಮ್ಮ ಓದುಗರಿಗೆ ಸಂತೋಷದ ಸಂಗತಿ.

ಪೆಟ್ರಾರ್ಕನಿಗೆ ಇನ್ನೊಂದು ಹಿರಿಮೆಯೂ ಉಂಟು. ಮಠಗಳ ಮತ್ತು ಮಹಾದೇವಾಲಯಗಳ ಗ್ರಂಥಭಂಡಾರಗಳಲ್ಲಿ ಧೂಳು ಹಿಡಿದು ಮಲಗಿದ್ದ ಪ್ರಾಚೀನ ಹಸ್ತಪ್ರತಿಗಳನ್ನು ಹುಡುಕಿ ಓದಿ ನಕಲಿಸುವುದು ಆತನ ವ್ರತವಾಗಿತ್ತು. 1345ರಲ್ಲಿ ವೆರೋನಾದಲ್ಲಿ ಸಿಸೆರೊನ ಪತ್ರಗಳನ್ನು ಬೆಳಕಿಗೆ ತಂದದ್ದು ಆ ವ್ರತದ ಫಲ. ಮೂಲಗ್ರಂಥಗಳಿಗೆ ಮರಳಬೇಕು, ಭಾಷೆಗಳನ್ನು ಕಲಿಯಬೇಕು, ಮಾನವನ ಬದುಕನ್ನೂ ನುಡಿಯನ್ನೂ ಗೌರವದಿಂದ ಅಭ್ಯಸಿಸಬೇಕು ಎಂಬ ಆ ಹಂಬಲವೇ ಮುಂದೆ ನವೋದಯ ಕಾಲದ ಮಾನವತಾವಾದವೆನಿಸಿತು. 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಮುದ್ರಿಸಿ ಪ್ರಕಟಿಸಿದ ಎರಾಸ್ಮಸ್ ಗುರುಗಳೂ, 1935ರಲ್ಲಿ ಸಂತಪದವಿಗೇರಿದ ಥಾಮಸ್ ಮೋರರೂ ಈ ಪರಂಪರೆಗೆ ಸೇರಿದವರು. ಇಟಲಿಯಿಂದ ಫ್ರಾನ್ಸ್, ಸ್ಪೇನ್, ಇಂಗ್ಲೆಂಡುಗಳಿಗೆ ಪಯಣಿಸಿದ ಸಾನೆಟ್ಟು ಷೇಕ್ಸ್‌ಪಿಯರ್, ಮಿಲ್ಟನ್ ಮೊದಲಾದವರ ಕೈಯಲ್ಲಿ ಬೆಳೆಯಿತು. ಇಂಗ್ಲಿಷ್ ವಿದ್ಯಾಭ್ಯಾಸದ ಮೂಲಕ ನಮ್ಮ ನಾಡಿನ ತರುಣರ ಕೈಗೂ ಬಂದಿತು. ಆ ತರುಣರಲ್ಲಿ ಗೋವಿಂದ ಪೈಯವರು ಒಬ್ಬರು.

ಪೈಗಳು 1883ರ ಮಾರ್ಚ್ 23ರಂದು ಮಂಜೇಶ್ವರದಲ್ಲಿ, ಕೊಂಕಣಿ ಮಾತನಾಡುವ ಗೌಡ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ತಂದೆ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಕರಾವಳಿಯ ಕ್ರೈಸ್ತ ಮಿಷನರಿಗಳು ನಡೆಸುತ್ತಿದ್ದ ಬಾಸೆಲ್ ಮಿಷನ್ ಶಾಲೆಯಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಪಂಜೆ ಮಂಗೇಶರಾಯರಂಥ ಗುರುಗಳಿಂದ ಕನ್ನಡದ ರುಚಿ ಹತ್ತಿತು. ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಸೇರಿದರು. ಪದವಿಯ ಹೊಸ್ತಿಲಲ್ಲಿದ್ದಾಗ ತಂದೆಯವರು ತೀರಿಕೊಂಡದ್ದರಿಂದ ಹಿರಿಯ ಮಗನ ಹೊಣೆ ಹೊತ್ತು ಊರಿಗೆ ಮರಳಬೇಕಾಯಿತು. ಪದವಿ ಕೈತಪ್ಪಿತು, ವಿದ್ಯೆ ಮಾತ್ರ ಕೈಬಿಡಲಿಲ್ಲ.

ಮಂಜೇಶ್ವರದ ಮನೆಯೇ ಅವರಿಗೆ ವಿಶ್ವವಿದ್ಯಾಲಯವಾಯಿತು. ದೂರದೂರದಿಂದ ಗ್ರಂಥಗಳನ್ನು ತರಿಸಿ, ನಿಘಂಟು ವ್ಯಾಕರಣಗಳನ್ನು ಮುಂದಿಟ್ಟುಕೊಂಡು, ತಮಗೆ ತಾವೇ ಗುರುವಾಗಿ ಭಾಷೆಗಳನ್ನು ಕಲಿತರು. ಮನೆಯ ಕೊಂಕಣಿ, ನೆರೆಯ ತುಳು ಮಲಯಾಳಗಳು, ಸಂಸ್ಕೃತ, ಇಂಗ್ಲಿಷ್, ಮರಾಠಿ, ಬಂಗಾಳಿ, ಪಾಲಿ, ಪರ್ಷಿಯನ್, ಗ್ರೀಕ್ ಮುಂತಾಗಿ ಅವರ ಪರಿಚಯಕ್ಕೆ ಬಂದ ಭಾಷೆಗಳ ಪಟ್ಟಿ ಇಪ್ಪತ್ತನ್ನು ಮೀರುತ್ತದೆ. ಉಮರ್ ಖಯ್ಯಾಮನನ್ನೂ ಜಪಾನಿನ ನೋ ನಾಟಕಗಳನ್ನೂ ಕನ್ನಡಕ್ಕೆ ತಂದದ್ದು ಈ ಶ್ರಮದ ಫಲ. ಯಾವ ಕಾಲೇಜಿನ ಪೀಠವನ್ನೂ ಏರದೆ, ಸಣ್ಣ ಊರೊಂದರ ಮನೆಯಲ್ಲಿ ಕುಳಿತು ನಡೆಸಿದ ತಪಸ್ಸು ಇದು. ಗ್ರೀಕ್ ಹೋಮರನ ಹಸ್ತಪ್ರತಿಯನ್ನು ಪಡೆದೂ ಅದನ್ನು ಓದಲಾರದೆ ಕೊರಗಿದ ಪೆಟ್ರಾರ್ಕನಿಗೆ ಇಂಥ ಮನೆಯನ್ನು ಕಂಡಿದ್ದರೆ ಎಷ್ಟು ಹಿಗ್ಗಾಗುತ್ತಿತ್ತೋ!

ಕವಿಯ ಬಾಳಿನ ದಿಟ್ಟ ಹೆಜ್ಜೆ 1911ರಲ್ಲಿ ಬಂದಿತು. ಆಗ ಅವರು ಗುಜರಾತಿನ ನವಸಾರಿಯಲ್ಲಿದ್ದರು. ಅಂದಿನವರೆಗೆ ಅವರೂ ಹಿರಿಯರಂತೆ ಆದಿಪ್ರಾಸವನ್ನಿಟ್ಟೇ ಬರೆಯುತ್ತಿದ್ದರು. ಆದರೆ ಎರಡನೆಯ ಅಕ್ಷರದ ಹೊಂದಿಕೆಗಾಗಿ ಶಬ್ದವನ್ನು ಹುಡುಕುವಾಗ ಭಾವವೇ ದಾರಿ ತಪ್ಪುವುದನ್ನು, ಹೇಳಬೇಕಾದುದನ್ನು ಬಿಟ್ಟು ಪ್ರಾಸಕ್ಕೆ ಒದಗಿದುದನ್ನು ಹೇಳಬೇಕಾಗಿ ಬರುವುದನ್ನು ಅವರು ಕಂಡುಕೊಂಡರು. ಸಾವಿರ ವರ್ಷಗಳ ರೂಢಿಯನ್ನು ಬಿಡುವುದು ಸುಲಭವಲ್ಲ. ಬಹುಕಾಲ ಆಲೋಚಿಸಿ, ಇನ್ನು ಮುಂದೆ ಆದಿಪ್ರಾಸದ ಹಂಗಿಲ್ಲದೆಯೇ ಬರೆಯುವೆನೆಂದು ನಿಶ್ಚಯಿಸಿದರು. ಹಾಗೆ ಬರೆದ ಮೊದಮೊದಲ ಕವಿತೆಗಳಲ್ಲಿ ‘ಹೊಲೆಯನು ಯಾರು?’ ಎಂಬುದು ಪ್ರಸಿದ್ಧವಾಗಿದೆ. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ರೂಢಿಯನ್ನು ಪ್ರಶ್ನಿಸಲು, ಅಕ್ಷರವನ್ನು ಅಳೆಯುವ ರೂಢಿಯನ್ನು ಬಿಟ್ಟ ಕವಿತೆಯೇ ಒದಗಿಬಂದದ್ದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಪಂಡಿತವರ್ಗ ಮುನಿಯಿತು, ಪ್ರಾಸವಿಲ್ಲದ್ದು ಪದ್ಯವೇ ಅಲ್ಲವೆಂಬ ಆಕ್ಷೇಪಗಳು ಬಂದವು. ಪೈಗಳು ಕದಲಲಿಲ್ಲ. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದು ಹೊಸಗನ್ನಡ ಕಾವ್ಯದ ಹಾದಿ ನಿಚ್ಚಳವಾಗುವುದಕ್ಕೆ ಹದಿನೈದು ವರ್ಷಗಳ ಮೊದಲೇ ಅವರು ಒಂಟಿಯಾಗಿ ಆ ದಾರಿಯಲ್ಲಿ ನಡೆದಿದ್ದರು.

ಹೀಗೆ ಕಟ್ಟು ಕಳಚಿಕೊಂಡವರು ಕಟ್ಟುಪಾಡಿಲ್ಲದೆ ಬರೆಯತೊಡಗಿದರೇ? ಇಲ್ಲ. ಇಲ್ಲಿಯೇ ಅವರ ಬಾಳಿನ ಪಾಠವಿದೆ. ಆದಿಪ್ರಾಸವನ್ನು ಬಿಟ್ಟ ಅದೇ ಕೈ ಹದಿನಾಲ್ಕು ಸಾಲುಗಳ ಸಾನೆಟ್ಟನ್ನು ಎತ್ತಿಕೊಂಡಿತು. ಕನ್ನಡದಲ್ಲಿ ಸಾನೆಟ್ಟುಗಳನ್ನು ರಚಿಸಿದ ಮೊದಲಿಗರ ಸಾಲಿನಲ್ಲಿ ಪೈಗಳ ಹೆಸರಿದೆ. ಸಾನೆಟ್ಟಿನ ನಿಯಮ ಸಡಿಲವಾದುದೇನಲ್ಲ. ಪೆಟ್ರಾರ್ಕನ ಮಾದರಿಯಲ್ಲಿ ಮೊದಲ ಎಂಟು ಸಾಲುಗಳು ಒಂದು ಭಾವವನ್ನೋ ಸಂದೇಹವನ್ನೋ ಎತ್ತಿ ಹಿಡಿಯುತ್ತವೆ. ಒಂಬತ್ತನೆಯ ಸಾಲಿಗೆ ಒಂದು ತಿರುವು ಬರುತ್ತದೆ. ಉಳಿದ ಆರು ಸಾಲುಗಳು ಅದಕ್ಕೆ ಉತ್ತರವನ್ನೋ ಸಮಾಧಾನವನ್ನೋ ನೀಡುತ್ತವೆ. ಸಾಲುಗಳ ಕೊನೆಯಲ್ಲಿ ಪ್ರಾಸದ ಹೆಣಿಗೆಯೂ ಇರಬೇಕು. ಆದರೆ ಈ ನಿಯಮ ಭಾವದ ನಡಿಗೆಯಿಂದಲೇ ಹುಟ್ಟಿದುದು. ನಾವು ಆತ್ಮಶೋಧನೆ ಮಾಡುವಾಗಲೂ ಹೀಗೆಯೇ ಅಲ್ಲವೇ? ಮೊದಲು ಮನಸ್ಸಿನ ಭಾರವನ್ನು ಬಿಚ್ಚುತ್ತೇವೆ, ಒಂದು ಗಳಿಗೆ ತಡೆಯುತ್ತೇವೆ, ಆಮೇಲೆ ಬೆಳಕಿನತ್ತ ತಿರುಗುತ್ತೇವೆ. ಭಾವವನ್ನು ಕೊಲ್ಲುವ ನಿಯಮವನ್ನು ಬಿಡುವುದು, ಭಾವವನ್ನು ಪೋಷಿಸುವ ನಿಯಮವನ್ನು ಸ್ವೀಕರಿಸುವುದು, ಇವೆರಡೂ ಒಂದೇ ವಿವೇಕದ ಎರಡು ಮುಖಗಳು. ಮಾಸ್ತಿಯವರ ‘ಮಲಾರ’, ಕುವೆಂಪು ಅವರ ‘ಕೃತ್ತಿಕೆ’ಗಳು ಇದೇ ಬಂಧದಲ್ಲಿ ಮುಂದೆ ಬಂದ ಸಂಗ್ರಹಗಳು, ಬೇಂದ್ರೆಯವರೂ ಇದರಲ್ಲಿ ಕೈಯಾಡಿಸಿದರು. ಇಟಲಿಯ ಸಸಿ ಕನ್ನಡದ ಮಣ್ಣಿನಲ್ಲಿ ಬೇರುಬಿಟ್ಟಿತು.

ಪೈಗಳ ಮೊದಲ ಕವನಸಂಗ್ರಹ ‘ಗಿಳಿವಿಂಡು’ 1930ರಲ್ಲಿ ಪ್ರಕಟವಾಯಿತು. ಆ ವೇಳೆಗೆ ಅವರ ಮನೆಯ ದೀಪವೊಂದು ನಂದಿತ್ತು. ನಡುವಯಸ್ಸಿನಲ್ಲಿಯೇ ಪತ್ನಿವಿಯೋಗವಾಗಿತ್ತು. ಅಗಲಿದ ಮಡದಿಯ ನೆನಪಿನಿಂದ ಮೂಡಿದ ಕವಿತೆಗಳಿಗೆ ‘ನಂದಾದೀಪ’ವೆಂಬ ಹೆಸರಿದೆ. ಪೆಟ್ರಾರ್ಕನು ದೂರದಿಂದ ಕಂಡವಳನ್ನು ಹಾಡಿದನು. ಪೈಗಳು ತಮ್ಮೊಡನೆ ಸಂಸಾರ ನಡೆಸಿದವಳನ್ನು ನೆನೆದರು. ವಿವಾಹದ ಬಾಂಧವ್ಯವನ್ನು ಪವಿತ್ರ ಸಂಸ್ಕಾರವೆಂದು ಭಾವಿಸುವ ನಮ್ಮ ಕುಟುಂಬಗಳಿಗೆ ಈ ಎರಡನೆಯ ಹಾಡು ಹೆಚ್ಚು ಹತ್ತಿರವೆನಿಸಿದರೆ ಆಶ್ಚರ್ಯವಿಲ್ಲ.

ಕವಿತೆಯಷ್ಟೇ ನಿಷ್ಠೆಯಿಂದ ಅವರು ಸಂಶೋಧನೆಯನ್ನೂ ನಡೆಸಿದರು. ನಮ್ಮ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ನಿಂತಿರುವ ಗೊಮ್ಮಟಮೂರ್ತಿಯ ಪ್ರತಿಷ್ಠೆಯ ಕಾಲವನ್ನು ಕುರಿತು ಅವರು ಬರೆದ ಲೇಖನವನ್ನು ಇತಿಹಾಸಕಾರರು ಗಮನಿಸಿದ್ದಾರೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪ್ರಾಚೀನ ಗ್ರೀಕ್ ಪ್ರಹಸನವೊಂದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವಾಗಿರಬಹುದೇ ಎಂಬ ಚರ್ಚೆಯಲ್ಲಿಯೂ ಅವರು ಭಾಗವಹಿಸಿದ್ದರು. ಆ ವಿಷಯದಲ್ಲಿ ವಿದ್ವಾಂಸರಲ್ಲಿ ಅಭಿಪ್ರಾಯಭೇದವಿದೆ. ನಮಗೆ ಮುಖ್ಯವೆನಿಸುವುದು ಅವರ ವಿಧಾನ. ಕೇಳಿದ್ದನ್ನು ನಂಬದೆ ಮೂಲವನ್ನು ತೆರೆದು ನೋಡುವುದು, ಪರರ ಭಾಷೆಯನ್ನು ಕಲಿತು ಪರರ ಮಾತನ್ನು ಆಲಿಸುವುದು. ಇದೇ ಮಾನವತಾವಾದದ ತಿರುಳು. ಈ ಗುಣವೇ ಅವರನ್ನು ಶುಭಸಂದೇಶದ ಬಾಗಿಲಿಗೆ ಕರೆತಂದಿತು.

1930ರ ದಶಕದಲ್ಲಿ ಅವರ ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬೆಳಕು ಕಂಡಿತು. ಯೇಸುವಿನ ಕಡೆಯ ದಿನವೇ ಅದರ ವಸ್ತು. ಪ್ರಭುವನ್ನು ತೀರ್ಪಿಗೊಪ್ಪಿಸಿ, ಶಿಲುಬೆ ಹೊರಿಸಿ, ಕಪಾಲಗುಡ್ಡದ ಮೇಲೆ ಕೊಂದ ಆ ದಿನವನ್ನು ಹಳಗನ್ನಡದ ಗಾಂಭೀರ್ಯವಿರುವ ನುಡಿಯಲ್ಲಿ ಅವರು ಕಂಡರಿಸಿದ್ದಾರೆ. ಕ್ರೈಸ್ತರಲ್ಲದ ಕವಿಯೊಬ್ಬರು, ಯಾರ ಒತ್ತಾಯವೂ ಇಲ್ಲದೆ, ಯಾವ ಲಾಭವನ್ನೂ ಬಯಸದೆ, ಪರಧರ್ಮದ ಪರಮಪವಿತ್ರ ಕಥೆಯನ್ನು ಇಷ್ಟು ಭಕ್ತಿಯಿಂದ ಮುಟ್ಟಿದ್ದು ಸಾಮಾನ್ಯ ಸಂಗತಿಯಲ್ಲ. ಅವರು ತಮ್ಮ ಧರ್ಮವನ್ನು ಬಿಡಲಿಲ್ಲ; ನಮ್ಮ ಪ್ರಭುವನ್ನು ಪರಕೀಯನೆಂದೂ ಎಣಿಸಲಿಲ್ಲ.

ಆ ಕಾಲವನ್ನು ಸ್ವಲ್ಪ ನೆನೆಯೋಣ. ಆಗ ನಮ್ಮ ದೇವಾಲಯಗಳಲ್ಲಿ ಬಲಿಪೂಜೆ ನಡೆಯುತ್ತಿದ್ದದ್ದು ಲ್ಯಾಟಿನಿನಲ್ಲಿ. ಪವಿತ್ರ ವಾರದಲ್ಲಿ ಯಾತನೆಯ ಕಥನವನ್ನು ಗುರುಗಳು ಹಾಡುವಾಗ ನಮ್ಮ ಅಜ್ಜ ಅಜ್ಜಿಯರು ಮೊಣಕಾಲೂರಿ, ಅರ್ಥವಾಗದ ಶಬ್ದಗಳ ಹಿಂದಿನ ನೋವನ್ನು ನಂಬಿಕೆಯಿಂದಲೇ ಅರಿಯುತ್ತಿದ್ದರು. ಆ ನಂಬಿಕೆಗೆ ನಮ್ಮ ನಮನ. ಆದರೆ ಅದೇ ವರ್ಷಗಳಲ್ಲಿ ಮಂಜೇಶ್ವರದ ಮನೆಯೊಂದರಲ್ಲಿ ಅದೇ ಯಾತನೆಯ ಕಥನಕ್ಕೆ ಪಂಪ ರನ್ನರ ನುಡಿಯ ಉಡುಗೆ ಸಿದ್ಧವಾಗಿತ್ತೆಂಬುದನ್ನು ನಮ್ಮಲ್ಲಿ ಎಷ್ಟು ಮನೆಗಳವರು ಬಲ್ಲರು? ಪೆಟ್ರಾರ್ಕನೂ ತನ್ನ ಕೀರ್ತಿ ಲ್ಯಾಟಿನ್ ಗ್ರಂಥಗಳಿಂದ ಉಳಿಯುವುದೆಂದು ಎಣಿಸಿದ್ದನು. ಉಳಿಸಿದ್ದು ಮನೆಮಾತಿನ ಸಾನೆಟ್ಟುಗಳು. ಜನರ ನುಡಿಗೆ ಅಂಥ ಶಕ್ತಿಯಿದೆ.

‘ಗೊಲ್ಗೊಥಾ’ದ ಬಳಿಕ ಬುದ್ಧನ ಕಡೆಯ ದಿನವನ್ನು ಕುರಿತ ‘ವೈಶಾಖಿ’ 1946ರಲ್ಲಿ ಬಂದಿತು. ಗಾಂಧೀಜಿಯವರ ಕಡೆಯ ದಿನವನ್ನು ಕುರಿತು ‘ದೆಹಲಿ’ ಎಂಬ ಕಾವ್ಯವನ್ನು ತೊಡಗಿದರಾದರೂ ಅದು ಪೂರ್ಣವಾಗಲಿಲ್ಲ. ಮಹಾಪುರುಷರ ಹುಟ್ಟನ್ನಾಗಲಿ ಪವಾಡಗಳನ್ನಾಗಲಿ ಆರಿಸದೆ ಅವರ ಕಡೆಯ ದಿನಗಳನ್ನೇ ಕವಿ ಏಕೆ ಆರಿಸಿಕೊಂಡರು? ನಮಗೆ ತೋರುವುದಿಷ್ಟು. ಬಾಳಿನ ಸತ್ಯವು ಕೊನೆಯ ಗಳಿಗೆಯಲ್ಲಿ ಒರೆಗಲ್ಲಿಗೆ ಬೀಳುತ್ತದೆ. ಸಾನೆಟ್ಟಿನ ಭಾವ ತನ್ನ ಕಡೆಯ ಸಾಲುಗಳಲ್ಲಿ ಫಲಿಸುವಂತೆ, ಮನುಷ್ಯನ ಬಾಳೂ ತನ್ನ ಕಡೆಯ ತಿರುವಿನಲ್ಲಿ ತನ್ನ ಅರ್ಥವನ್ನು ಬಿಟ್ಟುಕೊಡುತ್ತದೆ. ಗೊಲ್ಗೊಥಾದಲ್ಲಿ ಆ ಅರ್ಥ ಕ್ಷಮೆಯಾಗಿತ್ತು.

ಗೌರವಗಳು ತಾವಾಗಿ ಬಂದವು. 1341ರ ಈಸ್ಟರ್ ಭಾನುವಾರ ರೋಮಿನಲ್ಲಿ ಪೆಟ್ರಾರ್ಕನಿಗೆ ಕವಿಕಿರೀಟ ತೊಡಿಸಿದಂತೆ, 1949ರಲ್ಲಿ ಅಂದಿನ ಮದರಾಸು ಸರ್ಕಾರ ಪೈಗಳಿಗೆ ರಾಷ್ಟ್ರಕವಿ ಬಿರುದನ್ನಿತ್ತಿತು. 1951ರಲ್ಲಿ ಮುಂಬಯಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆದರೆ ಒಂದು ನೋವು ಕೊನೆಯವರೆಗೂ ಉಳಿಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಸೀಮೆ, ಅದರೊಡನೆ ಮಂಜೇಶ್ವರ, ಕೇರಳಕ್ಕೆ ಸೇರಿತು. ಕನ್ನಡಕ್ಕೆ ಬಾಳನ್ನೇ ತೆತ್ತ ಕವಿಯ ಮನೆ ಕನ್ನಡನಾಡಿನ ಗಡಿಯ ಹೊರಗಾಯಿತು. ಗಡೀಪಾರಾದವನ ಮಗ ಪೆಟ್ರಾರ್ಕ ಊರೂರು ಅಲೆದನು. ಪೈಗಳು ಕುಳಿತಲ್ಲಿಯೇ ಕುಳಿತಿದ್ದರು, ಗಡಿಯೇ ಅವರನ್ನು ದಾಟಿ ಹೋಯಿತು. 1963ರ ಸೆಪ್ಟೆಂಬರ್ 6ರಂದು, ಎಂಬತ್ತು ವರ್ಷಗಳ ತುಂಬುಬಾಳು ನಡೆಸಿ, ಅವರು ಕಣ್ಮುಚ್ಚಿದರು. ಮಂಜೇಶ್ವರದ ಸರ್ಕಾರಿ ಕಾಲೇಜು ಇಂದು ಅವರ ಹೆಸರನ್ನು ಹೊತ್ತಿದೆ. ಉಡುಪಿಯಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ.

ಆ 1963 ನಮಗೂ ಮರೆಯಲಾಗದ ವರ್ಷ. ಹಾಸನವನ್ನೊಳಗೊಂಡ ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು ಅದೇ ವರ್ಷ. ಕವಿ ತೀರಿಕೊಂಡ ಮೂರು ತಿಂಗಳಿಗೆ, ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯನ್ನು ಕುರಿತ ತನ್ನ ಸಂವಿಧಾನವನ್ನು ಘೋಷಿಸಿ, ಜನರ ಮಾತೃಭಾಷೆಗಳಿಗೆ ಬಲಿಪೀಠದ ಬಾಗಿಲನ್ನು ತೆರೆಯಿತು. ಹಳೆಯ ಕಟ್ಟಳೆಯೊಂದು ಭಾವಕ್ಕೆ ಅಡ್ಡಿಯಾದಾಗ ಅದನ್ನು ಗೌರವದಿಂದ ಬದಿಗಿಡಬಹುದು, ಬದಿಗಿಟ್ಟಮಾತ್ರಕ್ಕೆ ಶಿಸ್ತು ಅಳಿಯುವುದಿಲ್ಲವೆಂದು ಪೈಗಳು ಕಾವ್ಯದಲ್ಲಿ ತೋರಿದ್ದನ್ನು ನಾವು ನಮ್ಮ ಆರಾಧನೆಯಲ್ಲಿಯೇ ಅನುಭವಿಸಿದೆವು.

ನಮ್ಮ ಜಿಲ್ಲೆಯ ಕ್ರೈಸ್ತ ಮನೆಗಳಲ್ಲಿ ಕೊಂಕಣಿ, ತಮಿಳು, ಕನ್ನಡಗಳೆಲ್ಲ ಕೇಳಿಬರುತ್ತವೆ. ಮನೆಮಾತು ಬೇರೆಯಾದ ಮಾತ್ರಕ್ಕೆ ಕನ್ನಡ ನಮ್ಮದಲ್ಲವೆಂದುಕೊಳ್ಳುವ ಮಕ್ಕಳು ನಮ್ಮಲ್ಲಿದ್ದಾರೆ. ಪರೀಕ್ಷೆಯ ಅಂಕಕ್ಕಷ್ಟೇ ಕನ್ನಡ ಸಾಕೆನ್ನುವ ಹೆತ್ತವರೂ ಇದ್ದಾರೆ. ಅವರ ಮುಂದೆ ಈ ಕೊಂಕಣಿ ಮನೆಮಾತಿನ ರಾಷ್ಟ್ರಕವಿಯ ಬಾಳನ್ನು ಇಡಬಯಸುತ್ತೇವೆ. ಅವರಿಗೆ ಕನ್ನಡ ಹುಟ್ಟಿನಿಂದ ಬಂದದ್ದಲ್ಲ, ಒಲಿಸಿಕೊಂಡದ್ದು. ಸಾನೆಟ್ಟು ನೆರೆಯದ್ದು, ಶುಭಸಂದೇಶ ನೆರೆಯದ್ದು. ಎರಡನ್ನೂ ಕಲಿತು, ಗೌರವಿಸಿ, ತಮ್ಮದಾಗಿಸಿಕೊಂಡರು.

ಮುಂಬರುವ ತಪಸ್ಸುಕಾಲದಲ್ಲಿ ‘ಗೊಲ್ಗೊಥಾ’ದ ಒಂದು ಪ್ರತಿ ನಮ್ಮ ಪ್ರತಿಯೊಂದು ಧರ್ಮಕೇಂದ್ರದ ಪುಸ್ತಕ ಕಪಾಟಿನಲ್ಲಿರಲಿ ಎಂಬುದು ನಮ್ಮ ಕೋರಿಕೆ. ಅದರ ನುಡಿ ಸುಲಭವಲ್ಲ. ಊರಿನ ಕನ್ನಡ ಮೇಷ್ಟರನ್ನು, ಅವರು ಯಾವ ಧರ್ಮದವರೇ ಆಗಿರಲಿ, ಒಂದು ಸಂಜೆ ಕರೆದು ಕೂರಿಸಿಕೊಂಡು ಓದಿಸಬೇಕು. ಅರ್ಥವಾಗದ ಪದಗಳನ್ನು ಕೇಳಿ ತಿಳಿಯಬೇಕು. ಹಿಂದೂ ಕವಿ ಬರೆದ ಪ್ರಭುವಿನ ಯಾತನೆಯನ್ನು ನೆರೆಯ ಮೇಷ್ಟರ ಬಾಯಿಂದ ಕೇಳುವ ಆ ಸಂಜೆ, ಶಿಲುಬೆಯ ಹಾದಿಯ ಮತ್ತೊಂದು ನಿಲುಗಡೆಯಾದೀತು. ಆ ಕವಿಗೆ ನಾವು ಸಲ್ಲಿಸಬೇಕಾದ ಋಣವೂ ಅದರಿಂದ ಕೊಂಚ ತೀರೀತು.